ಹಳಿಯಾಳದ ಕಂಡಕ್ಟರ್ ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ ಹೋದದ್ದು

ಹಳಿಯಾಳ ನಿಲ್ದಾಣದಿಂದ ಧಾರವಾಡದ ಬಸ್ಸು ಹೊರಟದ್ದು ಬೆಳಿಗ್ಗೆ ಎಂಟು ಮೂವತ್ತೇಳಕ್ಕೆ. ಹೊರಡಬೇಕಾದದ್ದು ಎಂಟೂವರೆಗೆ. ನಾನು ಕಂಡಕ್ಟರ್ ಕೆಲಸದಿಂದ ನಿವೃತ್ತನಾಗಿ ಆರು ವರ್ಷವಾಯಿತು, ಆದರೂ ಬಸ್ಸು ತಡವಾದರೆ ಕಣ್ಣು ತಾನಾಗಿ ಗಡಿಯಾರದ ಕಡೆ ಹೋಗುತ್ತದೆ. ಪಕ್ಕದಲ್ಲಿ ಕುಳಿತಿದ್ದ ನನ್ನ ಹೆಂಡತಿ ಗೌರಮ್ಮ ಅದನ್ನು ಗಮನಿಸಿ, “ಇವತ್ತ ನೀವು ಪ್ಯಾಸೆಂಜರ್ ಅದೀರಿ. ಸುಮ್ನ ಕುಂದ್ರಿ,” ಎಂದಳು. ಅವಳಿಗೆ ಆಧಾರ್ ಕಾರ್ಡು ತೋರಿಸಿದ್ದಕ್ಕೆ ಸೊನ್ನೆ ರೂಪಾಯಿಯ ಟಿಕೆಟ್ ಸಿಕ್ಕಿತ್ತು. ಮೂವತ್ತೊಂದು ವರ್ಷ ಟಿಕೆಟ್ ಹರಿದ ನಾನು ದುಡ್ಡು ಕೊಟ್ಟು ಟಿಕೆಟ್ ತೆಗೆದುಕೊಂಡೆ. ಇದರಿಂದ ಅವಳಿಗೆ ಬೆಳಿಗ್ಗೆ ಬೆಳಿಗ್ಗೆಯೇ ಬಹಳ ಖುಷಿಯಾಗಿತ್ತು.

ನಾವು ಹೊರಟದ್ದು ಹುಬ್ಬಳ್ಳಿ ವಿಮಾನ ನಿಲ್ದಾಣಕ್ಕೆ. ವಿಮಾನ ಹತ್ತುವುದಕ್ಕಲ್ಲ, ಅದರಿಂದ ಇಳಿಯುವ ಒಬ್ಬನನ್ನು ಎದುರುಗೊಳ್ಳುವುದಕ್ಕೆ. ದಾಂಡೇಲಿಯ ಅಂಬೇವಾಡಿಯಲ್ಲಿರುವ ದಸ್ತಗೀರಣ್ಣ ಹಜ್ ಯಾತ್ರೆ ಮುಗಿಸಿ ಬೆಂಗಳೂರಿಗೆ ಬಂದಿದ್ದ. ಅಲ್ಲಿಂದ ಮುಂದೆ ಬಸ್ಸಿನಲ್ಲಿ ರಾತ್ರಿಯೆಲ್ಲ ಕುಳಿತರೆ ಅವನ ಮೊಣಕಾಲು ತಡೆಯುವುದಿಲ್ಲವೆಂದು ಮಗ ರಿಯಾಜ್ ವಿಮಾನದ ಟಿಕೆಟ್ ಮಾಡಿಸಿದ್ದ. ಮಧ್ಯಾಹ್ನ ಒಂದೂವರೆಗೆ ಹುಬ್ಬಳ್ಳಿಯಲ್ಲಿ ಇಳಿಯುತ್ತಾನೆ. ದಾಂಡೇಲಿ–ಹುಬ್ಬಳ್ಳಿ ಬಸ್ಸಿನಲ್ಲಿ ಹನ್ನೊಂದು ವರ್ಷ ಅವನು ಡ್ರೈವರ್, ನಾನು ಕಂಡಕ್ಟರ್. ಹೆಂಡತಿಗಿಂತ ಹೆಚ್ಚು ಹೊತ್ತು ನಾನು ಅವನ ಜೊತೆ ಕಳೆದಿದ್ದೇನೆ ಎಂದು ಗೌರಮ್ಮ ಈಗಲೂ ಅನ್ನುತ್ತಾಳೆ. ಅವಳು ಅವನಿಗೆಂದು ಶೇಂಗಾ ಹೋಳಿಗೆ ಮಾಡಿ ಡಬ್ಬಿ ತುಂಬಿಸಿದ್ದಳು. ನನ್ನ ಕೈಯಲ್ಲಿ ಮಲ್ಲಿಗೆ ಗುಲಾಬಿಯ ಹಾರ ಮತ್ತು ಛತ್ರಿ.

ರಿಯಾಜ್ ಹಿಂದಿನ ದಿನವೇ ಫೋನು ಮಾಡಿದ್ದ. “ಕಾಕಾ, ಮನಿ ಮಂದಿ ಎಲ್ಲಾ ಕ್ರೂಸರ್ ಗಾಡಿ ಮಾಡ್ಕೊಂಡು ಹೊಂಟೀವಿ. ಹಳಿಯಾಳದಾಗ ನಿಮ್ಮನ್ನ ಹತ್ತಿಸ್ಕೋತೇವಿ.” ನಾನು ಬೇಡವೆಂದೆ. “ಬಸ್ಸಿನ ಮನಷ್ಯಾ ನಾನು. ನಿಮಗಿಂತ ಮದಲ ಅಲ್ಲಿರ್ತೇನಿ,” ಎಂದು ದೊಡ್ಡಸ್ತಿಕೆ ಕೊಚ್ಚಿದೆ. ನಿಜವಾದ ಕಾರಣ ಬೇರೆ ಇತ್ತು. ದಸ್ತಗೀರಣ್ಣನಿಗೆ ನಾನು ಒಂದು ಮಾತು ಹೇಳುವುದಿತ್ತು, ಅದನ್ನು ಮಕ್ಕಳು ಮೊಮ್ಮಕ್ಕಳ ಗದ್ದಲದಲ್ಲಿ ಹೇಳಲು ಬಾಯಿ ಬರುವಂತಿರಲಿಲ್ಲ. ಹಜ್‌ನಿಂದ ಬಂದವರು ತಮ್ಮ ಮನೆಯ ಹೊಸ್ತಿಲು ದಾಟುವ ಮೊದಲು ಯಾರಿಗಾಗಿ ದುವಾ ಬೇಡಿಕೊಳ್ಳುತ್ತಾರೋ ಅದು ಸಲ್ಲುತ್ತದೆಂದು ನಮ್ಮ ಕಡೆಯ ಮುಸಲ್ಮಾನರ ನಂಬಿಕೆ. ಅದಕ್ಕೇ ಅವರು ದಾರಿಯಲ್ಲಿಯೇ ಹೋಗಿ ಎದುರುಗೊಳ್ಳುತ್ತಾರೆ. ದಸ್ತಗೀರಣ್ಣ ನನಗಾಗಿಯೂ ಕೈ ಎತ್ತುತ್ತಾನೆ, ಅದರಲ್ಲಿ ಅನುಮಾನವಿರಲಿಲ್ಲ. ಆ ಕೈ ಏಳುವ ಮೊದಲು ನಾನು ಬಾಯಿ ಬಿಡಬೇಕಿತ್ತು.

ಹಳಿಯಾಳದಿಂದ ಧಾರವಾಡ ಮೂವತ್ತೈದು ಕಿಲೋಮೀಟರಿನ ಆಚೀಚೆ. ಒಂದು ತಾಸಿನ ದಾರಿ. ರಾತ್ರಿಯೆಲ್ಲ ಮಳೆ ಹೊಡೆದು ಬೆಳಿಗ್ಗೆ ಜಿಟಿಜಿಟಿಗೆ ಇಳಿದಿತ್ತು. ಗೋವಿನಜೋಳದ ಹೊಲಗಳು ಹಸಿರಾಗಿ ಹೊಳೆಯುತ್ತಿದ್ದವು. ಅರ್ಧ ದಾರಿಯಲ್ಲಿ, ಕಾಡಿನ ನಡುವೆ, ಬಸ್ಸು ಗಕ್ಕನೆ ನಿಂತಿತು. ರಸ್ತೆಗೆ ಅಡ್ಡವಾಗಿ ಒಂದು ಮತ್ತಿಯ ಮರ ಬಿದ್ದಿತ್ತು.

ಐದು ನಿಮಿಷ ಸುಮ್ಮನೆ ಕುಳಿತೆ. ಆರನೆಯ ನಿಮಿಷಕ್ಕೆ ಇಳಿದೆ. ಕೊಡಲಿ ಯಾರ ಹತ್ತಿರ ಇದೆ, ಹಗ್ಗ ಯಾವ ಟ್ರ್ಯಾಕ್ಟರಿನಲ್ಲಿದೆ ಎಂದು ವಿಚಾರಿಸಿ, ಕಾಲೇಜಿನ ಹುಡುಗರಿಗೆ ಟೊಂಗೆ ಎಳೆಯಲು ಹಚ್ಚಿ, ಎರಡೂ ಕಡೆಯ ಗಾಡಿಗಳನ್ನು ಸಾಲಿನಲ್ಲಿ ನಿಲ್ಲಿಸಿದೆ. ಬಸ್ಸಿನ ಕಂಡಕ್ಟರ್ ಹುಡುಗಿ ಚುರುಕಿನವಳು. “ಅಜ್ಜಾರ, ನೀವು ಮದಲ ನಮ್ಮ ಡಿಪಾರ್ಟ್‌ಮೆಂಟಿನ್ಯಾಗ ಇದ್ರೇನ್ರಿ?” ಎಂದು ಕೇಳಿದಳು. ಹೌದೆಂದೆ. “ಗೊತ್ತಾತ ಬಿಡ್ರಿ, ಒದರೂ ದನಿ ಕೇಳಿದಕೂಡ್ಲೆ,” ಎಂದು ನಕ್ಕಳು.

ಮರ ಸರಿಸಲು ಒಂದೂವರೆ ತಾಸು ಹಿಡಿಯಿತು. ಕೊನೆಯ ತುಂಡು ಎಳೆಯುವುದನ್ನು ಹುಡುಗರಿಗೆ ಬಿಟ್ಟು ನಾನು ಬಸ್ಸಿನೊಳಗೆ ಬಂದು ಕುಳಿತೆ. ನನ್ನ ಚಡಪಡಿಕೆ ನೋಡಿ ಗೌರಮ್ಮ, “ಅಂವಾ ಇಳೀಲಾರದ ಎಲ್ಲಿ ಹೊಕ್ಕಾನ್ರಿ? ಯಾಕ ಇಷ್ಟ ಅವಸರ?” ಎಂದಳು. ಅವಳಿಗೆ ಹೇಳಿಬಿಟ್ಟೆ. ಓದುವ ನಿಮಗೂ ಹೇಳಿಬಿಡುತ್ತೇನೆ.

ಆಗಿನ ಬಸ್ಸುಗಳಲ್ಲಿ ಬೆಲ್ಲಿನ ಹಗ್ಗ ಬಾಗಿಲಿನಿಂದ ಡ್ರೈವರನ ತಲೆಯ ಮೇಲಿನವರೆಗೆ ಮಾಡಿನ ಗುಂಟ ಇರುತ್ತಿತ್ತು. ಒಂದು ಸಲ ಎಳೆದರೆ ನಿಲ್ಲು, ಎರಡು ಸಲ ಎಳೆದರೆ ಹೋಗು. ಡಬಲ್ ಬೆಲ್ ಇಲ್ಲದೆ ಡ್ರೈವರ್ ಗಾಡಿ ಬಿಡುವ ಹಾಗಿಲ್ಲ. ಒಂದು ಮಳೆಗಾಲದ ದಿನ ಹಳಿಯಾಳ ದಾಟಿ ಒಂದು ಕ್ರಾಸಿನಲ್ಲಿ ಬಸ್ಸು ನಿಂತಾಗ ನಾನು ಚಹಾ ಕುಡಿಯಲು ಇಳಿದೆ. ಅರ್ಧ ಕಪ್ ಆಗಿತ್ತು, ಬಸ್ಸು ನನ್ನನ್ನು ಬಿಟ್ಟು ಹೋಯಿತು. ಚಹಾದ ಅಂಗಡಿಯವರೆಲ್ಲ ನಕ್ಕರು. ಹಾಲಿನವನ ಮೋಟಾರ್ ಸೈಕಲ್ ಹತ್ತಿ, ಎರಡು ಕ್ಯಾನುಗಳ ನಡುವೆ ಜೋಲಾಡುತ್ತ ಮುಂದಿನ ಊರಿನಲ್ಲಿ ಬಸ್ಸು ಹಿಡಿದೆ. ಮೈಯೆಲ್ಲ ಹಾಲು, ಕೆಸರು. ಎಲ್ಲರೆದುರು ದಸ್ತಗೀರಣ್ಣನಿಗೆ ಬಾಯಿಗೆ ಬಂದಂತೆ ಬೈದೆ. ಅವನು, “ಡಬಲ್ ಬೆಲ್ ಕೇಳಿಸ್ತೋ ಬಸು,” ಎನ್ನುತ್ತಲೇ ಇದ್ದ. ಬಾರಿಸುವ ನಾನೇ ಬಸ್ಸಿನಲ್ಲಿರಲಿಲ್ಲ, ಕೇಳಿಸುವುದು ಹೇಗೆ? ಆ ಸಿಟ್ಟಿನಲ್ಲಿ ಅದೇ ಸಂಜೆ ಡಿಪೋದಲ್ಲಿ ಲಿಖಿತ ದೂರು ಕೊಟ್ಟೆ. ಬೆಲ್ ಇಲ್ಲದೆ ಗಾಡಿ ಬಿಟ್ಟರು ಎಂದು.

ದೂರು ಕೊಟ್ಟು ಹೊರಗೆ ಬಂದರೆ ಮಳೆ. ಛತ್ರಿಗೆಂದು ಬಸ್ಸು ಹತ್ತಿದೆ. ನನ್ನ ಕೊಕ್ಕೆ ಹಿಡಿಕೆಯ ಛತ್ರಿ ಬೆಲ್ಲಿನ ಹಗ್ಗಕ್ಕೆ ನೇತಾಡುತ್ತಿತ್ತು. ಬೆಳಿಗ್ಗೆ ನೀರು ಬಸಿಯಲೆಂದು ನಾನೇ ಸಿಗಿಸಿದ್ದೆ. ಯಾರದೋ ಮೂಟೆ ತಾಗಿರಬೇಕು. ಬೆರಳಿನಿಂದ ಛತ್ರಿಯನ್ನು ತೂಗಿ ನೋಡಿದೆ. ಟಣ್ ಟಣ್ ಎಂದಿತು. ಒಳಗೆ ಹೋಗಿ ದೂರು ವಾಪಸ್ ತೆಗೆದುಕೊಳ್ಳಲು ಹತ್ತು ಹೆಜ್ಜೆ ಸಾಕಿತ್ತು. ಎಲ್ಲರೂ ನಗುತ್ತಾರೆಂದು ಹೋಗಲಿಲ್ಲ.

ಆ ದೂರಿನ ಶಿಕ್ಷೆಯೆಂದು ದಸ್ತಗೀರಣ್ಣನನ್ನು ಜೋಯಿಡಾದ ಕಾಡಿನ ರೂಟಿಗೆ ಹಾಕಿದರು. ಅಲ್ಲಿ ಅವನು ಪ್ರತಿ ಡಬಲ್ ಬೆಲ್ಲಿಗೂ ತಿರುಗಿ, “ಬಾರಿಸಿದ್ದು ಖರೇ ಏನು?” ಎಂದು ಕಂಡಕ್ಟರನನ್ನು ಕೇಳುತ್ತಿದ್ದನಂತೆ. ಹುಡುಗರು ಅವನಿಗೆ ಕಿವುಡ ಸಾಹೇಬ ಎಂದು ಹೆಸರಿಟ್ಟರು. ಈ ವರ್ಷ ಹಜ್‌ಗೆ ಹೊರಡುವ ಮುಂಚೆ, ಅವರ ಪದ್ಧತಿಯಂತೆ, ಗುರುತಿನವರ ಮನೆ ಮನೆಗೆ ಹೋಗಿ ಕ್ಷಮೆ ಕೇಳುತ್ತ ನಮ್ಮ ಪಡಸಾಲೆಗೂ ಬಂದ. ಎರಡೂ ಕೈ ಜೋಡಿಸಿ, “ಬಸು, ಅಂದದ್ದು ಆಡಿದ್ದು ಮಾಫ್ ಮಾಡಪಾ. ಆವತ್ತ ನನ್ನ ಕಿವಿ ಮೋಸಾ ಮಾಡಿತು. ಮಂದಿ ಮುಂದ ನಿಂದು ನಗೆಪಾಟಲಾತು,” ಎಂದ. ನಾನು ಏನೆಂದೆ ಗೊತ್ತೆ? “ಇರ್ಲಿ ಬಿಡೋ, ಮಾಫ್ ಮಾಡೇನಿ,” ಎಂದೆ. ತಪ್ಪು ನನ್ನದು, ದೊಡ್ಡ ಮನಸ್ಸು ಮಾಡಿದವನೂ ನಾನೇ! ಅಂದಿನಿಂದ ಊಟ ಸರಿಯಾಗಿ ಹತ್ತಿಲ್ಲ.

ಗೌರಮ್ಮ ಎಲ್ಲ ಕೇಳಿಸಿಕೊಂಡಳು. ನನ್ನ ಕೈಯಲ್ಲಿದ್ದ ಛತ್ರಿಯನ್ನು ಮೇಲಿಂದ ಕೆಳಗೆ ನೋಡಿದಳು. “ಇದ ಛತ್ರಿ ಏನ್ರಿ?” ಎಂದಳು. ಇದಲ್ಲ, ಅದು ಎಂದೋ ಮುರಿದುಹೋಯಿತು ಎಂದೆ. “ಎಂಥಾ ಮನಷ್ಯಾರ್ರೀ ನೀವು,” ಎಂದವಳು ಹೋಳಿಗೆಯ ಡಬ್ಬಿಯನ್ನು ಎದೆಗವಚಿಕೊಂಡು ಕಿಟಕಿಯ ಕಡೆ ಮುಖ ತಿರುಗಿಸಿದಳು. ಬಸ್ಸು ಹೊರಟಿತು. ಧಾರವಾಡದ ಹಳಿಯಾಳ ನಾಕಾ ಬಂದಾಗ, “ಹೇಳೂದ ಹೇಳತೀರಿ, ನೆಟ್ಟಗ ಹೇಳ್ರಿ. ಸುತ್ತಿ ಬಳಸಿ ಹೇಳಬ್ಯಾಡ್ರಿ,” ಎಂದಳು.

ಧಾರವಾಡದಲ್ಲಿ ಇಳಿದಾಗ ಹನ್ನೊಂದೂಕಾಲು ಆಗಿತ್ತು. ನಿಲ್ದಾಣದ ಎದುರು ನಿಂತೇ ಒಂದೊಂದು ಪ್ಲೇಟು ಚುರುಮುರಿಯ ಗಿರಮಿಟ್, ಬಿಸಿ ಮಿರ್ಚಿ ಭಜಿ ತಿಂದೆವು. ದುಃಖಕ್ಕೂ ಮಿರ್ಚಿಗೂ ಸಂಬಂಧವಿಲ್ಲ, ನಾನು ಎರಡು ಹೆಚ್ಚು ತಿಂದೆ. ಅಲ್ಲಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸು. ಇದಕ್ಕೆ ಬೇರೆಯದೇ ರಸ್ತೆ, ಬೇರೆಯದೇ ನಿಲ್ದಾಣ, ಒಳಗೆ ತಂಪು ಗಾಳಿ, ಬಾಗಿಲು ತಾನೇ ತೆರೆಯುತ್ತದೆ, ತಾನೇ ಮುಚ್ಚುತ್ತದೆ. ಕಂಡಕ್ಟರನೇ ಇಲ್ಲ! ಮುಂದಿನ ನಿಲ್ದಾಣದ ಹೆಸರನ್ನು ಒಂದು ಹೆಣ್ಣುದನಿ ಕೂಗುತ್ತದೆ. ದನಿ ಚೆನ್ನಾಗಿದೆ, ಆದರೆ “ಒಳಗ ಸರೀರಿ, ಒಳಗ ಸರೀರಿ” ಅನ್ನುವುದು ಅದಕ್ಕೆ ಬರುವುದಿಲ್ಲ. ಜನ ಬಾಗಿಲಿನಲ್ಲೇ ನಿಂತಿದ್ದರು. ನಾನೇ ಎರಡು ಸಲ ಹೇಳಿದೆ, ಸರಿದರು. ಇಪ್ಪತ್ತು ಕಿಲೋಮೀಟರು ಹೋದದ್ದೇ ತಿಳಿಯಲಿಲ್ಲ. ಉಣಕಲ್ ಕೆರೆ ತುಂಬಿತ್ತು.

ಹೊಸೂರಿನಲ್ಲಿ ಇಳಿದು ಗೋಕುಲ ರೋಡಿಗೆ ಆಟೋ ಹಿಡಿದೆವು. ಈ ರಸ್ತೆಯಲ್ಲಿ ನನ್ನದೂ ದಸ್ತಗೀರಣ್ಣನದೂ ಹಳೆಯ ಕತೆಯಿದೆ. ಹುಬ್ಬಳ್ಳಿಯಲ್ಲಿ ನಮ್ಮ ಬಸ್ಸಿಗೆ ಎರಡು ತಾಸು ಬಿಡುವು ಇರುತ್ತಿತ್ತು. ಯಾವಾಗಲಾದರೂ ಇಬ್ಬರೂ ಇಲ್ಲಿಯವರೆಗೆ ಬಂದು ವಿಮಾನ ನಿಲ್ದಾಣದ ಬೇಲಿಯ ಹೊರಗೆ ಕುಳಿತು ಬುತ್ತಿ ಬಿಚ್ಚುತ್ತಿದ್ದೆವು. ಆಗ ಅದು ನಿಲ್ದಾಣವೆಂದು ಯಾರಾದರೂ ಹೇಳಿದರೆ ಮಾತ್ರ ಗೊತ್ತಾಗಬೇಕು. ಒಂದು ಡಾಂಬರು ಪಟ್ಟಿ, ಒಂದು ಸಣ್ಣ ಕಟ್ಟಡ, ಬೇಲಿಯ ಸುತ್ತ ಹುಲ್ಲು ಮೇಯುವ ಆಡು. ಸಣ್ಣ ವಿಮಾನ ಕೆಲವು ದಿನ ಬರುತ್ತಿತ್ತು, ಆಮೇಲೆ ವರ್ಷಗಟ್ಟಲೆ ಬರುತ್ತಿರಲಿಲ್ಲ, ಮತ್ತೆ ಬರುತ್ತಿತ್ತು. ದಸ್ತಗೀರಣ್ಣ ಖಾಲಿ ಪಟ್ಟಿ ನೋಡುತ್ತ, “ಒಂದಿನಾ ನಾ ಇಲ್ಲಿ ವಿಮಾನದಾಗ ಬಂದು ಇಳೀತೇನಿ ನೋಡು,” ಎನ್ನುತ್ತಿದ್ದ. “ಇಳಿ, ನಾನ ಬಂದು ಡಬಲ್ ಬೆಲ್ ಕೊಡ್ತೇನಿ,” ಎಂದು ನಾನು ಚೇಷ್ಟೆ ಮಾಡುತ್ತಿದ್ದೆ.

ಆಟೋದವನು ಗೋಕುಲ ಊರಿನವನೇ. ರನ್‌ವೇ ಉದ್ದ ಮಾಡುವಾಗ ಅವನ ಸೋದರಮಾವನ ಹೊಲವೂ ಹೋಯಿತಂತೆ. “ಮದಲ ಭಾಳ ಸಿಟ್ಟಿತ್ರಿ ಯಜಮಾನ್ರ, ಮಾವಗ. ಈಗ ದಿನಾ ಸಂಜಿಗೆ ಮಾಳಗಿ ಮ್ಯಾಲೆ ಕುಂತು ನೋಡ್ತಾನ. ‘ಬಂತು ನೋಡು, ನನ್ನ ಜ್ವಾಳದ ಹೊಲದಾಗ ಇಳೀತು’ ಅಂತಾನ. ಲೇಟಾದ್ರ ಅವಗ ಊಟ ಸೇರೂದಿಲ್ಲ,” ಎಂದ. ಈ ಮಾವನನ್ನು ಕಾಣಬೇಕೆಂದು ನನಗೆ ಬಹಳ ಅನ್ನಿಸಿತು. ಆದರೆ ಹೊತ್ತಿರಲಿಲ್ಲ.

ಇಲ್ಲಿ ನಾನು ಒಂದು ಶಾಣ್ಯಾತನ ಮಾಡಿದೆ. ಆಟೋದವನು ನೆಟ್ಟಗೆ ಹೊರಟಿದ್ದ. “ಇಲ್ಲೇ ಎಡಕ್ಕ ಹೊಳಸು, ಗೇಟು ನನಗ ಗೊತ್ತೈತಿ,” ಎಂದು ನಾವು ಬುತ್ತಿ ತಿನ್ನುತ್ತಿದ್ದ ಜಾಗಕ್ಕೆ ಅವನನ್ನು ಒಯ್ದೆ. “ಅದು ಬಂದ್ ಆಗಿ ವರ್ಷ ಆತ್ರಿ,” ಎಂದ. ಮೂವತ್ತೊಂದು ವರ್ಷ ಊರೂರಿನ ಸ್ಟಾಪು ಬಲ್ಲವನಿಗೆ ಇವನೇನು ಹೇಳುತ್ತಾನೆ ಎಂದು ಇಳಿದು, ಅವನನ್ನು ಕಳಿಸಿಬಿಟ್ಟೆ. ಗೇಟಿಗೆ ತುಕ್ಕು ಹಿಡಿದ ಬೀಗ. ಅದರ ಮೇಲೆ ಬಳ್ಳಿ ಹಬ್ಬಿತ್ತು. ಗೌರಮ್ಮ ಬೀಗವನ್ನು ನೋಡಿ, ಆಮೇಲೆ ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಮಳೆಯಲ್ಲಿ ಒಂದೇ ಛತ್ರಿಯಡಿ ಹಾರ, ಡಬ್ಬಿ ಹಿಡಿದುಕೊಂಡು ಬೇಲಿಯ ಗುಂಟ ಇಬ್ಬರೂ ನಡೆದೆವು. ಹೊಸ ಕಟ್ಟಡ ಮುಟ್ಟಿದಾಗ ಒಂದೂ ಇಪ್ಪತ್ತು.

ಗಾಜು, ಹೊಳೆಯುವ ನೆಲ, ಸಾಲು ಸಾಲು ಟ್ಯಾಕ್ಸಿ. ದಾಂಡೇಲಿ ಕಾಡು ನೋಡಲು ಬಂದ ಚಡ್ಡಿ ಹಾಕಿದ ಹುಡುಗ ಹುಡುಗಿಯರು ಕುಳಗಿಗೆ ಎಷ್ಟು ದೂರವೆಂದು ಒಬ್ಬ ಡ್ರೈವರನನ್ನು ಕೇಳುತ್ತಿದ್ದರು. ಅವನು ಹೇಳುವ ಮೊದಲು ನಾನೇ ಹೇಳಿದೆ, ದಾಂಡೇಲಿ ಇಲ್ಲಿಂದ ಎಪ್ಪತ್ತೈದು, ಕುಳಗಿ ಅಲ್ಲಿಂದ ಇನ್ನೂ ಹತ್ತು ಹನ್ನೆರಡು ಎಂದು. ಬಾಗಿಲಿನ ಬಳಿ ಬಂದೂಕಿನವನು ನಮ್ಮನ್ನು ತಡೆದ. “ಟಿಕೆಟ್ ಇಲ್ಲದೆ ಒಳಗೆ ಬಿಡುವುದಿಲ್ಲ.” ಜೀವಮಾನವೆಲ್ಲ ನಾನು ಹೇಳಿದ ಮಾತು. ಹೇಳಿಸಿಕೊಂಡದ್ದು ಅಂದೇ ಮೊದಲು. ಗೌರಮ್ಮ ಧಾರವಾಡ ಬಿಟ್ಟ ಮೇಲೆ ಮೊದಲ ಸಲ ಆಗ ನಕ್ಕಳು.

ಇಳಿದವರು ಹೊರಬರುವ ಬಾಗಿಲಿನ ಮುಂದೆ ಮುಂಡಗೋಡದ ಟಿಬೆಟನ್ ಕಾಲೊನಿಯಿಂದ ಬಂದ ಏಳೆಂಟು ಬೌದ್ಧ ಸನ್ಯಾಸಿಗಳು ಬಿಳಿ ರೇಷ್ಮೆಯ ಶಲ್ಯ ಹಿಡಿದು ನಿಂತಿದ್ದರು. ಅವರ ಗುರುಗಳೂ ಅದೇ ವಿಮಾನದಲ್ಲಿ ಬರುವವರಿದ್ದರು. ಬೆಂಚಿನಲ್ಲಿ ಕುಳಿತಿದ್ದ ಅವರಲ್ಲೊಬ್ಬ ನಡುವಯಸ್ಸಿನವರು ಎದ್ದು ಗೌರಮ್ಮನಿಗೆ ಜಾಗ ಕೊಟ್ಟರು. “ಕುಂದ್ರಿ ಅವ್ವಾರ. ವಿಮಾನ ಮ್ಯಾಲೆ ಬಂದೈತ್ರಿ, ಮೋಡ ಐತೆಂತ ಇಳಸವಲ್ರು. ಸುತ್ತ ಹಾಕಾಕತ್ತೈತಿ,” ಎಂದರು. ಮುಂಡಗೋಡದ ಪಕ್ಕದ ಸನವಳ್ಳಿಯ ಅಂಗಡಿಯವರೂ ಇಷ್ಟು ಚೆಂದ ಕನ್ನಡ ಮಾತಾಡಲಾರರು. ಮೋಡ ಸರಿಯದಿದ್ದರೆ ಏನಾಗುತ್ತದೆ ಎಂದು ಕೇಳಿದೆ. “ವಾಪಸ್ ಬೆಂಗಳೂರಿಗೆ ಹೋಕ್ಕೈತ್ರಿ,” ಎಂದರು.

ಬೆಂಗಳೂರಿಗೆ ಹೋದರೆ ಅವನು ಯಾವ ದಾರಿಯಿಂದಲೋ ನೆಟ್ಟಗೆ ಮನೆ ಸೇರುತ್ತಾನೆ. ಈ ಸಲ ಬಿಟ್ಟರೆ ನನ್ನ ಬಾಯಿ ಇನ್ನೆಂದೂ ಬಿಚ್ಚುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತು ನಿಮಿಷ ನಾನೂ ಆ ಸನ್ಯಾಸಿಗಳೂ ಕತ್ತು ಎತ್ತಿ ಬೂದು ಮುಗಿಲು ನೋಡುತ್ತ ನಿಂತೆವು. ಅವರು ಮಣಿ ಎಣಿಸುತ್ತಿದ್ದರು, ನಾನು ಕೊರಳಿನ ಲಿಂಗ ಹಿಡಿದುಕೊಂಡಿದ್ದೆ. ಆಗ ರಿಯಾಜನ ಫೋನು. “ಕಾಕಾ, ಮಂದಿ ಎಲ್ಲಾ ತಯಾರಾಗೂದ್ರಾಗ ತಡಾ ಆತು. ಇನ್ನೂ ಧಾರವಾಡದಾಗ ಅದೀವಿ. ನಮ್ಮ ಅಬ್ಬಾ ಬಂದ್ರ ಹಿಡಕೊಂಡಿರ್ರಿ!” ಮಾತು ಮುಗಿಯುವಷ್ಟರಲ್ಲಿ ಪಡುವಣದ ಕಡೆ ಮೋಡ ಒಂದು ಮೊರದಗಲ ಬಿಚ್ಚಿತು. ಎಲ್ಲರೂ ಹೋ ಎಂದರು. ವಿಮಾನ ಆ ಮಾವನ ಜೋಳದ ಹೊಲಕ್ಕೆ ಇಳಿಯಿತು.

ಮೊದಲು ಗುರುಗಳು ಬಂದರು, ಶಲ್ಯಗಳ ನಡುವೆ ಮರೆಯಾದರು. ಆಮೇಲೆ ಇನ್ನಷ್ಟು ಚಡ್ಡಿಯವರು. ದಸ್ತಗೀರಣ್ಣ ಕಾಣಲೇ ಇಲ್ಲ. ಬೋಳು ತಲೆಯ, ಬಿಳಿ ಗಡ್ಡದ, ತೆಳ್ಳಗಿನ ಒಬ್ಬ ಮನುಷ್ಯ ಸಾಮಾನಿನ ಗಾಡಿ ತಳ್ಳುತ್ತ ನೆಟ್ಟಗೆ ನನ್ನ ಮುಂದೆ ಬಂದು, “ಏನ್ ಕಂಡಕ್ಟರ್ ಸಾಹೇಬ್ರ, ಗುರುತ ಹಿಡೀವಲ್ರಿ?” ಎಂದಾಗ ಹಾರ ಹಾಕುವುದನ್ನೂ ಮರೆತು ಅಪ್ಪಿಕೊಂಡೆ. ಹೂವು ನಡುವೆ ಸಿಕ್ಕು ಅರ್ಧ ಉದುರಿತು. “ವೈನಿ, ಚಲೋ ಅದೀರಿ?” ಎಂದು ಗೌರಮ್ಮನನ್ನು ಮಾತಾಡಿಸಿದ. “ಬರ್ರಿ, ಮದಲ ನಿಮ್ಮಿಬ್ಬರ ಸಲುವಾಗಿ ಬೇಡ್ಕೋತೇನಿ,” ಎಂದು ಎರಡೂ ಅಂಗೈ ಎತ್ತಿದ.

ನಾನು ಆ ಕೈ ಹಿಡಿದು ಕೆಳಗಿಳಿಸಿದೆ. “ತಡಿ ದಸ್ತಗೀರಣ್ಣ. ಆವತ್ತ ಬೆಲ್ ಬಾರಿಸಿತ್ತು. ನನ್ನ ಛತ್ರಿ ಹಗ್ಗಕ್ಕ ಜೋತಬಿದ್ದಿತ್ತು. ನಾನ ಸಿಗಿಸಿದ್ದೆ. ಆವತ್ತ ಸಂಜಿಗೇ ನನಗ ಗೊತ್ತಾತು, ಬಾಯಿ ಮುಚ್ಕೊಂಡು ಕುಂತೆ. ನೀ ಮನಿಗೆ ಬಂದು ಮಾಫಿ ಕೇಳಿದಾಗನೂ ಹೇಳ್ಲಿಲ್ಲ. ತಪ್ಪು ನಂದು,” ಎಂದೆ. ನೆಟ್ಟಗೆ ಹೇಳಿದೆ, ಸುತ್ತಿ ಬಳಸಲಿಲ್ಲ.

ಅವನು ನನ್ನ ಮುಖ ನೋಡಿದ. ನಮ್ಮ ಸುತ್ತ ಟ್ಯಾಕ್ಸಿಯವರು ಕೂಗುತ್ತಿದ್ದರು. ಗೌರಮ್ಮ ಡಬ್ಬಿಯ ಮುಚ್ಚಳವನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದಳು.

“ಬಾರಿಸಿತ್ತು?” ಎಂದ ಕೊನೆಗೆ.

“ಬಾರಿಸಿತ್ತು.”

“ಎರಡು?”

“ಎರಡು.”

“ಅಂದ್ರ ನನ್ನ ಕಿವಿ...” ಎಂದವನು ಎರಡೂ ಕಿವಿ ಮುಟ್ಟಿ ನೋಡಿಕೊಂಡ. “ಬಸು, ಧಾರವಾಡದ ಡಾಕ್ಟರ್ ಕಡೆ ಮೂರ ಸಲ ಹೋಗಿದ್ನೋ ನಾನು! ಏನಾಗಿಲ್ಲ ಅಂದ್ರೂ ನಂಬಲಿಲ್ಲ. ರಿಟಾಯರ್ ಆಗೂತನಾ ಒಂದಿನಾನೂ ನಂಬಿ ಗಾಡಿ ಬಿಡಲಿಲ್ಲ.” ಅವನ ಕಣ್ಣು ತುಂಬಿತು. ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಬೈಯಲಿ, ಎರಡು ಬಿಡಲಿ ಎಂದು ತಲೆ ತಗ್ಗಿಸಿ ನಿಂತೆ. ಅವನು ಬೈಯಲಿಲ್ಲ. ಪಕ್ಕದಲ್ಲಿದ್ದ ಸನ್ಯಾಸಿಯ ತೋಳು ಹಿಡಿದು, “ಕೇಳಿದ್ರೇನ್ರಿ? ಬೆಲ್ ಬಾರಿಸಿತ್ತಂತ! ಎರಡು!” ಎಂದು ಹಿಗ್ಗಿ ಕೂಗಿದ. ಏನೂ ಅರ್ಥವಾಗದೆ ಅವರು, “ಭಾಳ ಚಲೋ ಆತ್ರಿ,” ಎಂದು ಕೈ ಮುಗಿದರು.

ಆಮೇಲೆ ಅವನು ನನ್ನ ಹೆಗಲ ಮೇಲೆ ಒಂದು ಗುದ್ದು ಹಾಕಿದ, ಹಗುರವಾಗಿಯೇನೂ ಅಲ್ಲ. “ಇದು ಜೋಯಿಡಾ ರೂಟಿನ ಸಲುವಾಗಿ. ಇನ್ನ ಬೇಡ್ಕೊಳ್ಳಾಕ ಬಿಡು,” ಎಂದು ಅಂಗೈ ಎತ್ತಿದ. ಅವನು ತುಟಿಯಲ್ಲಿ ಏನು ಬೇಡಿಕೊಂಡನೋ ನನಗೆ ತಿಳಿಯದು. ನನ್ನ ಕಣ್ಣಿಗಂತೂ ಏನೂ ಕಾಣುತ್ತಿರಲಿಲ್ಲ. ಗೌರಮ್ಮ ಇಬ್ಬರ ಬಾಯಿಗೂ ಒಂದೊಂದು ತುಂಡು ಹೋಳಿಗೆ ತುರುಕಿದಳು.

ಕ್ರೂಸರು ಬಂದದ್ದು ಮೂರು ಗಂಟೆಗೆ. ಅಳು, ನಗು, ಖರ್ಜೂರ, ಮೆಕ್ಕಾದ ಜಮ್‌ಜಮ್ ನೀರು ಎಲ್ಲ ಮುಗಿದ ಮೇಲೆ ದಸ್ತಗೀರಣ್ಣ ಡ್ರೈವರನ ಪಕ್ಕ ಕುಳಿತ, ನಾವು ಹಿಂದೆ ತುರುಕಿಕೊಂಡೆವು. ಡ್ರೈವರ್ ಕೀಲಿ ತಿರುಗಿಸಿದ. “ತಡೀಪಾ. ಕಂಡಕ್ಟರ್ ಬೆಲ್ ಕೊಡ್ಲಿ,” ಎಂದ ದಸ್ತಗೀರಣ್ಣ. ನಾನು ಕಿಟಕಿಯಿಂದ ಕೈ ಹೊರಹಾಕಿ ಗಾಡಿಯ ಮಾಡಿನ ಮೇಲೆ ಎರಡು ಸಲ ಬಡಿದೆ. “ಕೇಳಿಸ್ತು! ಹೋಗೂಣು!” ಎಂದು ಅವನು ಇಡೀ ನಿಲ್ದಾಣಕ್ಕೆ ಕೇಳುವಂತೆ ಕೂಗಿದ. ಹಿಂತಿರುಗಿ ನೋಡಿದೆ. ಬೇಲಿಯಾಚೆ ಅದೇ ವಿಮಾನ ಬೇರೆ ಮಂದಿಯನ್ನು ಹತ್ತಿಸಿಕೊಂಡು ಮೇಲೇಳುತ್ತಿತ್ತು. ಕ್ರೂಸರಿನ ಮಾಡಿನಲ್ಲಿ ಹಿಡಿದುಕೊಳ್ಳಲು ಒಂದು ಕಂಬಿಯಿತ್ತು. ರಿಯಾಜ್, “ಛತ್ರಿ ಇದಕ್ಕ ಸಿಗಿಸ್ರಿ ಕಾಕಾ, ನೀರು ಬಸೀಲಿ,” ಎಂದ. ಬೇಡಪ್ಪಾ ಎಂದು ನಾನು ಅದನ್ನು ಹಳಿಯಾಳದವರೆಗೂ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.